ಹಗೇವು ಭದ್ರ, ಕಾಳು ಹೇಗಿದೆ? ಪಿಂಚಣಿ ಖಾತೆಯೊಳಗಿನ ಬಿಟ್‌ಕಾಯಿನ್

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವಿಗೆ ತುಂಬಿ ಬಾಯಿ ಮುಚ್ಚುತ್ತಿದ್ದರು. ಕಳ್ಳರಿಂದ, ಇಲಿಗಳಿಂದ ಹಗೇವು ಕಾಳನ್ನು ಕಾಯುತ್ತಿತ್ತು. ಹಸಿ ಜೋಳ ತುಂಬಿದವನ ಕಾಳು ಮುಗ್ಗಿದರೆ ಅದಕ್ಕೆ ಹಗೇವು ಏನೂ ಮಾಡುವಂತಿರಲಿಲ್ಲ. ತೆರಿಗೆ ರಿಯಾಯಿತಿ ಇರುವ ನಿವೃತ್ತಿ ಖಾತೆಗಳ ಕಥೆಯೂ ಇದೇ. ಅಮೆರಿಕದ ಐಆರ್‌ಎ (ವೈಯಕ್ತಿಕ ನಿವೃತ್ತಿ ಖಾತೆ), 401(ಕೆ) (ಕೆಲಸ ಕೊಟ್ಟ ಕಂಪನಿಯ ಮೂಲಕದ ನಿವೃತ್ತಿ ಖಾತೆ) ಇವುಗಳಲ್ಲಿ ಬಿಟ್‌ಕಾಯಿನ್ ಇಡುವ ಮಾತು ಈಗ ಅಲ್ಲಿನ ಕನ್ನಡಿಗರ ಮನೆಗಳಿಂದ ಫೋನಿನಲ್ಲಿ ನಮ್ಮ ಊರುಗಳಿಗೂ ಬರುತ್ತಿದೆ. ಜೊತೆಗೆ ಕೆಲವು ತಪ್ಪು ತಿಳಿವಳಿಕೆಗಳೂ ಬರುತ್ತಿವೆ.

ತಪ್ಪು ಕಲ್ಪನೆ: ನಮ್ಮ ಪಿಪಿಎಫ್, ಎನ್‌ಪಿಎಸ್ ಖಾತೆಯಲ್ಲೂ ಬಿಟ್‌ಕಾಯಿನ್‌ನಂಥ ಕ್ರಿಪ್ಟೋ ಇಟ್ಟು ತೆರಿಗೆ ಉಳಿಸಬಹುದು.

ಸತ್ಯ: ಆ ದಾರಿಯೇ ಇಲ್ಲ. ಪಿಪಿಎಫ್ ಹಣಕ್ಕೆ ಸರ್ಕಾರ ಗೊತ್ತುಪಡಿಸಿದ ಬಡ್ಡಿ ಸಿಗುತ್ತದೆ. ಅದನ್ನು ಎಲ್ಲಿ ಹೂಡಬೇಕೆಂದು ಖಾತೆದಾರ ಹೇಳುವಂತಿಲ್ಲ. ಎನ್‌ಪಿಎಸ್‌ನಲ್ಲಿ ಷೇರು, ಕಂಪನಿ ಬಾಂಡ್, ಸರ್ಕಾರಿ ಸಾಲಪತ್ರದಂಥ ಆಯ್ಕೆಗಳಿವೆ, ಕ್ರಿಪ್ಟೋ ಇಲ್ಲ. ಹೊರಗೆ ಕೊಂಡರೆ 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್. ಅದೇ ವರ್ಷದ ಜುಲೈನಿಂದ ವಹಿವಾಟಿಗೆ ಶೇ 1 ಟಿಡಿಎಸ್. ಒಂದು ನಾಣ್ಯದಲ್ಲಿ ಲಕ್ಷ ರೂಪಾಯಿ ಗಳಿಸಿ ಇನ್ನೊಂದರಲ್ಲಿ ಲಕ್ಷ ಕಳೆದುಕೊಂಡವನ ಕೈಯಲ್ಲಿ ಉಳಿದದ್ದು ಸೊನ್ನೆ. ಆದರೂ 31,200 ರೂಪಾಯಿ ತೆರಿಗೆ ಕಟ್ಟಬೇಕು. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಕಾನೂನು ಬಿಡುವುದಿಲ್ಲ.

ತಪ್ಪು ಕಲ್ಪನೆ: ಈಗಾಗಲೇ ಕೊಂಡ ಬಿಟ್‌ಕಾಯಿನ್ ಅನ್ನು ಹಾಗೆಯೇ ಐಆರ್‌ಎಗೆ ವರ್ಗಾಯಿಸಿದರಾಯಿತು.

ಸತ್ಯ: ಐಆರ್‌ಎಗೆ ಪ್ರತಿವರ್ಷದ ವಂತಿಗೆ ನಗದಾಗಿಯೇ ಹೋಗಬೇಕು. ಅಮೆರಿಕದ ತೆರಿಗೆ ಇಲಾಖೆ 2014ರಿಂದಲೇ ಕ್ರಿಪ್ಟೋವನ್ನು ಹಣವೆಂದು ಪರಿಗಣಿಸದೆ ಆಸ್ತಿ ಎಂದು ಕರೆದಿದೆ. ಆದ್ದರಿಂದ ಮೊದಲು ನಾಣ್ಯ ಮಾರಬೇಕು, ಲಾಭಕ್ಕೆ ತೆರಿಗೆ ತೆರಬೇಕು, ಆಮೇಲೆ ಡಾಲರ್ ಹಾಕಬೇಕು. ಅದಕ್ಕೂ ಮಿತಿಯಿದೆ: 2025ರಲ್ಲಿ ಅದು 7,000 ಡಾಲರ್ ಇತ್ತು, ಐವತ್ತು ತುಂಬಿದವರಿಗೆ ಇನ್ನೊಂದು ಸಾವಿರ.

ತಪ್ಪು ಕಲ್ಪನೆ: ನನ್ನ ಐಆರ್‌ಎ, ನನ್ನ ನಾಣ್ಯ, ಅದರ ಗುಪ್ತ ಡಿಜಿಟಲ್ ಕೀಲಿ ಮನೆಯ ಕಪಾಟಿನಲ್ಲಿದ್ದರೆ ತಪ್ಪೇನು?

ಸತ್ಯ: ಖಾತೆಯ ಆಸ್ತಿಗೆ ಒಂದು ಪಾಲಕ ಸಂಸ್ಥೆ ಇರಲೇಬೇಕೆಂಬುದು ಐಆರ್‌ಎಯ ಮೂಲ ನಿಯಮ. 2021ರ ನವೆಂಬರ್‌ನಲ್ಲಿ ಅಮೆರಿಕದ ತೆರಿಗೆ ನ್ಯಾಯಾಲಯ ಚಿನ್ನದ ನಾಣ್ಯಗಳ ಪ್ರಕರಣವೊಂದನ್ನು ತೀರ್ಮಾನಿಸಿತು. ಐಆರ್‌ಎ ಹಣದಲ್ಲಿ, ತಾವೇ ನಡೆಸುವ ಕಂಪನಿಯ ಹೆಸರಲ್ಲಿ ನಾಣ್ಯ ಕೊಂಡು ಮನೆಯಲ್ಲಿಟ್ಟುಕೊಂಡರೆ ಅದನ್ನು ಖಾತೆಯಿಂದ ಹಿಂಪಡೆದಂತೆಯೇ ಎಂದಿತು. ತೆರಿಗೆ ಬಿತ್ತು, ದಂಡವೂ ಬಿತ್ತು. ಆ ತೀರ್ಪು ಕ್ರಿಪ್ಟೋ ಕುರಿತದ್ದಲ್ಲ. ಆದರೆ ಐಆರ್‌ಎಯ ಬಿಟ್‌ಕಾಯಿನ್ ಕೀಲಿಯನ್ನು ಪೆನ್‌ಡ್ರೈವ್‌ನಂಥ ವಾಲೆಟ್‌ನಲ್ಲಿ ಮನೆಯಲ್ಲೇ ಇಟ್ಟುಕೊಂಡವರ ನಿದ್ದೆ ಕೆಡಿಸಲು ಅಷ್ಟು ಸಾಕು.

ತಪ್ಪು ಕಲ್ಪನೆ: ಖಾತೆಯೊಳಗಿದ್ದರೆ ತೆರಿಗೆಯೇ ಇಲ್ಲ.

ಸತ್ಯ: ಐಆರ್‌ಎಯಲ್ಲಿ ಎರಡು ಬಗೆ. ಸಾಂಪ್ರದಾಯಿಕ ಐಆರ್‌ಎಯಲ್ಲಿ ಸಾಮಾನ್ಯವಾಗಿ ಹಾಕುವಾಗ ರಿಯಾಯಿತಿ, ತೆಗೆಯುವಾಗ ತೆರಿಗೆ. ಸೆನೆಟರ್ ವಿಲಿಯಂ ರಾತ್ ಹೆಸರಿನಲ್ಲಿ 1998ರಲ್ಲಿ ಜಾರಿಗೆ ಬಂದ ರಾತ್ ಐಆರ್‌ಎಯಲ್ಲಿ ಇದು ತಿರುವುಮುರುವು: ತೆರಿಗೆ ಕಟ್ಟಿದ ಹಣವನ್ನೇ ಹಾಕಬೇಕು, ವಯಸ್ಸು ಐವತ್ತೊಂಬತ್ತೂವರೆ ದಾಟಿ, ಖಾತೆಗೆ ಐದು ವರ್ಷ ತುಂಬಿದ್ದರೆ ಲಾಭವೂ ತೆರಿಗೆಮುಕ್ತ. ಜನ ಮರೆಯುವುದು ಸಾಂಪ್ರದಾಯಿಕ ಖಾತೆಯ ಬೆಲೆಯನ್ನು. ಬಿಟ್‌ಕಾಯಿನ್ ಹೊರಗಿಟ್ಟು ವರ್ಷ ಮೀರಿ ಮಾರಿದರೆ ಲಾಭದ ಮೇಲೆ ಅಮೆರಿಕದ ಕೇಂದ್ರ ಸರ್ಕಾರದ ಬಂಡವಾಳ ತೆರಿಗೆ ಹೆಚ್ಚೆಂದರೆ ಶೇ 20. ಅದೇ ಲಾಭ ಸಾಂಪ್ರದಾಯಿಕ ಖಾತೆಯಿಂದ ಹೊರಬಂದಾಗ ಸಂಬಳದಂತೆ ಎಣಿಕೆಯಾಗುತ್ತದೆ. ಆ ದರ ಶೇ 37ರವರೆಗೂ ಏರುತ್ತದೆ. ಐವತ್ತೊಂಬತ್ತೂವರೆ ವಯಸ್ಸಿಗೆ ಮೊದಲೇ ತೆಗೆದರೆ ಬಹುತೇಕ ಸಂದರ್ಭಗಳಲ್ಲಿ ಶೇ 10 ಹೆಚ್ಚುವರಿ.

ತಪ್ಪು ಕಲ್ಪನೆ: ನಷ್ಟವಾದರೆ ತೆರಿಗೆಯಲ್ಲಾದರೂ ಸ್ವಲ್ಪ ವಾಪಸ್ ಬರುತ್ತದೆ.

ಸತ್ಯ: ಅಮೆರಿಕದಲ್ಲಿ ಖಾತೆಯ ಹೊರಗಿನ ನಷ್ಟಕ್ಕೆ ಆ ಸಮಾಧಾನವಿದೆ. ಮೊದಲು ಬೇರೆ ಬಂಡವಾಳ ಲಾಭದಲ್ಲಿ ಕಳೆಯಬಹುದು, ಉಳಿದರೆ ವರ್ಷಕ್ಕೆ 3,000 ಡಾಲರ್‌ವರೆಗೆ ಇತರ ಆದಾಯದಲ್ಲೂ ಕಳೆಯಬಹುದು. ಐಆರ್‌ಎಯೊಳಗಿನ ನಷ್ಟ ತೆರಿಗೆ ಲೆಕ್ಕಕ್ಕೆ ಬರುವುದೇ ಇಲ್ಲ. ಕರಗಿದ ವಂತಿಗೆಯನ್ನು ಮತ್ತೆ ತುಂಬಿಕೊಳ್ಳಲೂ ಆಗದು, ವಾರ್ಷಿಕ ಮಿತಿ ಅಡ್ಡ ನಿಲ್ಲುತ್ತದೆ. 2021ರ ನವೆಂಬರ್‌ನಲ್ಲಿ 68,000 ಡಾಲರ್ ದಾಟಿದ್ದ ಬಿಟ್‌ಕಾಯಿನ್ ಒಂದೇ ವರ್ಷದಲ್ಲಿ 16,000ದ ಆಸುಪಾಸಿಗೆ ಕುಸಿಯಿತು. ನಿವೃತ್ತಿಗೆ ಎರಡು ವರ್ಷ ಉಳಿದವನಿಗೆ ಆ ಕುಸಿತ ಏನೆಂದು ಬಿಡಿಸಿ ಹೇಳಬೇಕಿಲ್ಲ.

ತಪ್ಪು ಕಲ್ಪನೆ: ಸರ್ಕಾರವೇ ಒಪ್ಪಿದೆ, ಇನ್ನೇನು ಭಯ?

ಸತ್ಯ: 2022ರ ಮಾರ್ಚ್‌ನಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ, 401(ಕೆ)ಗೆ ಕ್ರಿಪ್ಟೋ ಸೇರಿಸುವ ಮುನ್ನ ಅತ್ಯಂತ ಎಚ್ಚರವಿರಲಿ ಎಂದಿತ್ತು. 2025ರ ಮೇನಲ್ಲಿ ಆ ಮಾತನ್ನು ಹಿಂಪಡೆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅಧ್ಯಕ್ಷ ಟ್ರಂಪ್, ಇಂಥ ಹೂಡಿಕೆಗಳಿಗೆ 401(ಕೆ)ಯಲ್ಲಿ ದಾರಿ ಸುಗಮಗೊಳಿಸುವ ಆದೇಶಕ್ಕೆ ಸಹಿ ಹಾಕಿದರು. ಎಚ್ಚರಿಕೆಯ ಫಲಕ ತೆಗೆದ ಮಾತ್ರಕ್ಕೆ ಹೊಳೆಯ ಆಳ ಕಡಿಮೆಯಾಗುವುದಿಲ್ಲ. 2024ರ ಜನವರಿ 10ರಂದು ಬಿಟ್‌ಕಾಯಿನ್ ಅನ್ನೇ ನೇರವಾಗಿ ಕೊಂಡಿಡುವ ಇಟಿಎಫ್‌ಗಳಿಗೆ (ಷೇರುಪೇಟೆಯಲ್ಲಿ ವಹಿವಾಟಾಗುವ ನಿಧಿಗಳಿಗೆ) ಒಪ್ಪಿಗೆ ಸಿಕ್ಕಮೇಲೆ, ಷೇರಿನಂತೆ ಐಆರ್‌ಎಯಲ್ಲಿ ಅವನ್ನು ಕೊಳ್ಳುವುದು ಸುಲಭವಾಗಿದೆ, ಕೀಲಿಯ ತಲೆನೋವೂ ತಪ್ಪಿದೆ. ಆದರೆ ಒಪ್ಪಿಗೆ ಕೊಟ್ಟ ದಿನವೇ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ಆಗಿನ ಅಧ್ಯಕ್ಷ ಗ್ಯಾರಿ ಜೆನ್ಸ್ಲರ್, ಇದು ಬಿಟ್‌ಕಾಯಿನ್‌ಗೆ ನೀಡಿದ ಸಮರ್ಥನೆಯಲ್ಲ ಎಂದು ಸ್ಪಷ್ಟಪಡಿಸಿದ್ದರು. ಬೆಲೆ ಬಿದ್ದರೆ ತುಂಬಿಕೊಡುವ ವಿಮೆ ಯಾವುದೂ ಇಲ್ಲ.

ತಪ್ಪು ಕಲ್ಪನೆ: ಬೆಂಗಳೂರಿಗೆ ಮರಳಿದರೂ ಅಲ್ಲಿನ ರಿಯಾಯಿತಿ ಹಿಂದೆಯೇ ಬರುತ್ತದೆ.

ಸತ್ಯ: ಅಮೆರಿಕದ ರಿಯಾಯಿತಿ ಅಮೆರಿಕದ ಕಾನೂನಿನದು. ಮರಳಿದವರು ಮತ್ತೆ ಭಾರತದ ಪೂರ್ಣ ನಿವಾಸಿಗಳಾದ ಮೇಲೆ ಅವರ ವಿದೇಶಿ ಆದಾಯವೂ ಇಲ್ಲಿನ ತೆರಿಗೆಯ ವ್ಯಾಪ್ತಿಗೆ ಬರುತ್ತದೆ. ಅಮೆರಿಕ, ಬ್ರಿಟನ್, ಕೆನಡಾದ ನಿವೃತ್ತಿ ಖಾತೆಗಳ ಆದಾಯಕ್ಕೆ, ಹಣ ತೆಗೆಯುವ ಕಾಲದವರೆಗೆ ತೆರಿಗೆ ಮುಂದೂಡುವ ಅವಕಾಶವನ್ನು ಭಾರತ ಕೊಟ್ಟಿದೆ. ಅದು ತಾನಾಗಿ ಸಿಗುವುದಿಲ್ಲ, ನಿಗದಿತ ಅರ್ಜಿ ಸಲ್ಲಿಸಿ ಆಯ್ದುಕೊಳ್ಳಬೇಕು. ರಿಟರ್ನ್ಸ್‌ನಲ್ಲಿ ವಿದೇಶಿ ಆಸ್ತಿಯ ವಿವರವನ್ನೂ ಬರೆಯಬೇಕು.

ಕ್ರಿಪ್ಟೋ ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆಯೇ ಚರ್ಚೆ. ಇಲ್ಲಿ ಹೇಳಬೇಕಾದದ್ದು ಇಷ್ಟೇ: ಖಾತೆ ಕಾಯುವುದು ತೆರಿಗೆಯಿಂದ, ಬೆಲೆ ಕುಸಿತದಿಂದಲ್ಲ. ಮುಪ್ಪಿನ ಅನ್ನಕ್ಕೆಂದು ತೆಗೆದಿಟ್ಟ ಹಣವನ್ನು ಮುಟ್ಟುವ ಮೊದಲು, ಪೂರ್ತಿ ಮುಗ್ಗಿದರೂ ಮನೆ ನಡೆಯುವಷ್ಟು ಪಾಲನ್ನು ಮಾತ್ರ ಇಂಥ ಹೂಡಿಕೆಗೆ ಇಡಿ. ತೆರಿಗೆಯ ಲೆಕ್ಕವನ್ನು ಎರಡೂ ದೇಶಗಳ ಕಾನೂನು ಬಲ್ಲ ಲೆಕ್ಕಪರಿಶೋಧಕರ ಮುಂದೆ ಒಮ್ಮೆ ಬಿಚ್ಚಿಡಿ.