ರೋಟಿ ಘಾಟಿನ ದ್ರಾಕ್ಷಿತೋಟದಲ್ಲಿ ಅಪ್ಪ

ಪುಣೆಯಿಂದ ವಿಜಯಪುರಕ್ಕೆ ಓಡಾಡುವ ನಮ್ಮವರಿಗೆ ಸೋಲಾಪುರ ಹೆದ್ದಾರಿ ಕಣ್ಣು ಮುಚ್ಚಿದರೂ ಗೊತ್ತು. ಹಡಪ್ಸರ್ ದಾಟುವುದೇ ಒಂದು ದೊಡ್ಡ ಕೆಲಸ. ಆಮೇಲೆ ಯವತ್, ಪಾಟಸ್, ಭಿಗವಣ, ಇಂದಾಪುರ. ಹನ್ನೊಂದು ವರ್ಷದಿಂದ ನಾನು ಇದೇ ದಾರಿಯಲ್ಲಿ ಹೋಗಿಬರುತ್ತಿದ್ದೇನೆ, ಹೆಚ್ಚಿನ ಸಲ ರಾತ್ರಿ ಬಸ್ಸಿನ ನಿದ್ದೆಯಲ್ಲಿ. ಪಾಟಸ್ ಬಳಿ ಬಾರಾಮತಿ ಕಡೆ ಹೊರಳಿದರೆ ಸ್ವಲ್ಪ ದೂರದಲ್ಲೇ ದ್ರಾಕ್ಷಿತೋಟ, ವೈನರಿ, ವೈನ್ ರುಚಿ ನೋಡುವ ಕೋಣೆ, ಜೊತೆಗೊಂದು ರೆಸ್ಟೋರೆಂಟ್ ಇದೆ ಎಂದು ಗೊತ್ತಾದದ್ದು ಮಾತ್ರ ಈ ಜನವರಿಯಲ್ಲಿ. ಆಫೀಸಿನ ಗೆಳೆಯನೊಬ್ಬ ಹೇಳಿದ.

ಅದೇ ಹೊತ್ತಿಗೆ ಕಣ್ಣಿನ ಪೊರೆ ಆಪರೇಷನ್‌ಗೆಂದು ಅಪ್ಪ ನಮ್ಮ ಮನೆಗೆ ಬಂದಿದ್ದರು. ತಿಕೋಟಾ ಹತ್ತಿರ ನಮ್ಮದು ನಾಲ್ಕೆಕರೆ ದ್ರಾಕ್ಷಿ. ಎಲ್ಲವೂ ಥಾಮ್ಸನ್ ಸೀಡ್‌ಲೆಸ್, ಎಲ್ಲವೂ ಒಣದ್ರಾಕ್ಷಿಗೆ. ಕಣ್ಣು ಸರಿಹೋದ ಮೇಲೆ ಅವರನ್ನು ಕಾರಿನಲ್ಲಿ ಊರಿಗೆ ಬಿಡಲು ಹೊರಟೆವು. ಮಧ್ಯಾಹ್ನದ ಊಟಕ್ಕೆ ರೋಟಿಯಲ್ಲಿ ನಿಲ್ಲೋಣ ಎಂದೆ.

‘ರೊಟ್ಟಿ ಊಟಕ್ಕೇನ್ ತಮ್ಮಾ?’ ಎಂದರು ಅಪ್ಪ.

‘ಅಲ್ಲಪಾ, ಊರಿನ ಹೆಸರ ರೋಟಿ. ಅಲ್ಲಿ ದ್ರಾಕ್ಷಿ ಪಡ ಅದಾವು.’

ವೈನ್ ಎಂಬ ಶಬ್ದವನ್ನು ನಾನು ಎತ್ತಲಿಲ್ಲ. ಅದಕ್ಕೆ ಕಾರಣವಿತ್ತು. ನಮ್ಮ ಕಾಕಾ ಕುಡಿತದಿಂದಲೇ ನಲವತ್ತೆರಡಕ್ಕೆ ಹೋದರು. ಅಂದಿನಿಂದ ನಮ್ಮ ಮನೆಯಲ್ಲಿ ಆ ಮಾತೇ ಇಲ್ಲ. ಪುಣೆಯಲ್ಲಿ ನಾನು ಯಾವಾಗಲಾದರೊಮ್ಮೆ ಒಂದು ಗ್ಲಾಸ್ ವೈನ್ ತೆಗೆದುಕೊಳ್ಳುತ್ತೇನೆ ಎಂಬುದು ಹೆಂಡತಿಗೆ ಗೊತ್ತು, ಅಪ್ಪನಿಗೆ ಗೊತ್ತಿಲ್ಲ, ಅಥವಾ ಗೊತ್ತಿಲ್ಲ ಎಂದು ನಾನು ತಿಳಿದಿದ್ದೆ.

ರೋಟಿ ಘಾಟ್ ವಾರಕರಿಗಳಿಗೆ ಪರಿಚಿತ ಜಾಗ. ತುಕಾರಾಮರ ಪಾಲಖಿ ದೇಹುದಿಂದ ಪಂಢರಪುರಕ್ಕೆ ಹೋಗುವಾಗ ಈ ಏರು ಹತ್ತುತ್ತದೆ. ಅಲ್ಲಿರುವ ಫೋರ್ ಸೀಸನ್ಸ್ ವೈನರಿಯನ್ನು ಕಟ್ಟಿಸಿದ್ದು ವಿಜಯ್ ಮಲ್ಯ ಅವರ ಯು.ಬಿ. ಗುಂಪು. ಈಗ ಅದು ಗ್ರೋವರ್ ಜಂಪಾ ಕಂಪನಿಯ ಕೈಯಲ್ಲಿದೆ. ಆ ಕಂಪನಿಯ ಬೇರು ಇರುವುದು ನಮ್ಮ ದೊಡ್ಡಬಳ್ಳಾಪುರದಲ್ಲಿ, ನಂದಿಬೆಟ್ಟದ ಬುಡದಲ್ಲಿ. ಅಂದರೆ ಎರಡು ಸಲವೂ ಬೆಂಗಳೂರಿನ ನಂಟೇ.

ಪುಣೆ ಜಿಲ್ಲೆಗೆ ವೈನ್ ಹೊಸದಲ್ಲ. 1980ರ ದಶಕದಲ್ಲೇ ನಾರಾಯಣಗಾಂವ್ ಬಳಿ ಶ್ಯಾಮರಾವ್ ಚೌಗುಲೆ ಅವರು ಷಾಂಪೇನ್ ಮಾದರಿಯ ನೊರೆವೈನ್ ತಯಾರಿಸಿ ವಿದೇಶಕ್ಕೆ ಕಳಿಸಿದ್ದರು. 2001ರಲ್ಲಿ ಮಹಾರಾಷ್ಟ್ರ, 2007ರಲ್ಲಿ ಕರ್ನಾಟಕ ವೈನ್ ನೀತಿ ತಂದವು. ದ್ರಾಕ್ಷಿಯ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇರುವುದೂ ಪುಣೆಯ ಮಾಂಜರಿಯಲ್ಲೇ.

ಕಾರಿಳಿದವರೇ ಅಪ್ಪ ನೆಟ್ಟಗೆ ತೋಟದೊಳಗೆ ನಡೆದರು. ಕಪ್ಪು ಕನ್ನಡಕ ಮೇಲೆತ್ತಿ ಗೊನೆ ಹಿಡಿದು ನೋಡಿದರು. ತೋಟ ತೋರಿಸುವ ಹುಡುಗ ಮರಾಠಿಯಲ್ಲಿ ವಿವರಿಸತೊಡಗಿದ. ತಾಸಗಾಂವ್ ಪೇಟೆಯ ದಲಾಲರ ಜೊತೆ ಮೂವತ್ತು ವರ್ಷ ವ್ಯವಹಾರ ಮಾಡಿದ ಅಪ್ಪನಿಗೆ ಮರಾಠಿ ಬರದೇ ಇರುತ್ತದೆಯೇ? ಐದು ನಿಮಿಷದಲ್ಲಿ ಪ್ರಶ್ನೆ ಕೇಳುವವರು, ಉತ್ತರ ಹೇಳುವವರು ಇಬ್ಬರೂ ಅಪ್ಪನೇ ಆಗಿದ್ದರು.

ಹುಡುಗ ಶಿರಾಜ್ ತಳಿಯ ಒಂದು ಹಣ್ಣು ಕೊಟ್ಟ. ಅಪ್ಪ ಬಾಯಿಗೆ ಹಾಕಿ, ‘ಕಾಳು ಸಣ್ಣದು, ತೊಗಲು ದಪ್ಪ, ಒಳಗ ಬೀಜ. ಪ್ಯಾಟ್ಯಾಗ ಯಾರೂ ತಗೊಳ್ಳಾಂಗಿಲ್ಲ. ಆದ್ರ ಸವಿ ಭಾಳ ಐತಿ’ ಎಂದರು. ಆ ದಪ್ಪ ತೊಗಲೇ ಬೇಕು, ಕೆಂಪು ವೈನಿನ ಬಣ್ಣವೂ ಒಗರೂ ಅದರಿಂದಲೇ ಬರುವುದು ಎಂದ ಹುಡುಗ. ರಸವನ್ನು ಸಿಪ್ಪೆಯ ಜೊತೆಗೇ ಹುದುಗಲು ಬಿಟ್ಟರೆ ಕೆಂಪು, ಸಿಪ್ಪೆ ತೆಗೆದು ಹುದುಗಿಸಿದರೆ ಬಿಳಿ. ಹಣ್ಣಿನ ಸಕ್ಕರೆಯೇ ಆಲ್ಕೋಹಾಲ್ ಆಗುತ್ತದೆ, ಹಾಗಾಗಿ ಬ್ರಿಕ್ಸ್ ನೋಡಿಯೇ ಕಟಾವು.

‘ನಾವೂ 22 ಬಂದ ಮ್ಯಾಲೇ ಕಡಿಯೂದು’ ಎಂದರು ಅಪ್ಪ. ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಒಣದ್ರಾಕ್ಷಿ; ಸವಿ ಕಡಿಮೆಯಾದರೆ ಆ ಲೆಕ್ಕವೂ ತಪ್ಪುತ್ತದೆ. ಇಲ್ಲಿ ಸುಮಾರು ಒಂದು ಕಿಲೋಗೆ ಒಂದು ಬಾಟಲಿ ಎಂದು ಕೇಳಿ ಸುಮ್ಮನಾದರು. ಎಕರೆಗೆ ನಾಲ್ಕೈದು ಟನ್ ಮಾತ್ರ ಬೆಳೆಯುತ್ತಾರೆ, ಬೇಕೆಂದೇ ಗೊನೆ ಕಡಿಮೆ ಮಾಡುತ್ತಾರೆ ಎಂದಾಗ ಮಾತ್ರ ಅವರಿಗೆ ನಂಬಿಕೆಯೇ ಬರಲಿಲ್ಲ.

ಊಟಕ್ಕೆ ಮೊದಲು ರುಚಿ ನೋಡುವ ಕೋಣೆ. ಮೇಜಿನ ಮೇಲೆ ಸಾಲಾಗಿ ಗ್ಲಾಸು, ಪ್ರತಿಯೊಂದರಲ್ಲೂ ಎರಡು ಗುಟುಕು. ಮೊದಲು ಬಣ್ಣ ನೋಡಬೇಕು, ಗ್ಲಾಸು ತಿರುಗಿಸಿ ವಾಸನೆ ನೋಡಬೇಕು, ಆಮೇಲೆ ಬಾಯಿಗೆ. ಬೇಡವಾದರೆ ಉಗುಳಲು ಪಾತ್ರೆಯೂ ಇದೆ. ಮುಂದಿನ ದಾರಿಗೆ ಸ್ಟೀರಿಂಗ್ ಹೆಂಡತಿಯದು ಎಂದು ಮೊದಲೇ ಮಾತಾಗಿತ್ತು. ಹೋಗುವವರು ಯಾರೇ ಆಗಲಿ, ಈ ಮಾತು ಮೊದಲೇ ಆಗಿರಲಿ. ನಾನಂತೂ ಗ್ಲಾಸು ಮುಟ್ಟದೆ ನಿಂತಿದ್ದೆ.

‘ಕುಡಿ. ನಾ ಇಲ್ಲದಾಗ ಕುಡೀತಿ, ಇದ್ದಾಗ ಯಾಕ ನಾಟಕ?’ ಎಂದರು ಅಪ್ಪ.

ನನ್ನ ಕಿವಿ ಬಿಸಿಯಾಯಿತು. ಅವರೇ ಗ್ಲಾಸೆತ್ತಿ ಮೂಗಿನ ಹತ್ತಿರ ಹಿಡಿದು, ‘ನಮ್ಮ ಶೆಡ್ಡಿನಾಗ ಮೊದಲನೇ ದಿನ ಹಿಂಗ ವಾಸನಿ ಬರ್ತೈತಿ’ ಎಂದರು. ಮತ್ತೆ ಗ್ಲಾಸು ನನ್ನ ಕೈಗೆ ಕೊಟ್ಟು ಮೆಲ್ಲಗೆ, ‘ಚೊಲೋ ಐತಿ. ಆದ್ರ ನಿಮ್ಮ ಕಾಕಾನೂ ಒಂದ ಗ್ಲಾಸಿನಿಂದನ ಶುರು ಮಾಡಿದ್ದ. ನೆನಪಿರ್ಲಿ’ ಎಂದರು. ನಾನು ಎರಡು ಗುಟುಕು ಕುಡಿದೆ. ಮುಚ್ಚಿಡುವುದೇನೂ ಉಳಿಯದೆ ಕುಡಿದದ್ದು ಅದೇ ಮೊದಲು.

ರೆಸ್ಟೋರೆಂಟಿನಲ್ಲಿ ತೋಟ ಕಾಣುವ ಜಾಗದಲ್ಲಿ ಕೂತು ಅನ್ನ, ದಾಲ್ ಉಂಡೆವು. ನಾವೂ ಎರಡೆಕರೆಗೆ ಈ ತಳಿ ಹಚ್ಚಬಹುದಲ್ಲ ಎಂದು ನಾನು ಲ್ಯಾಪ್‌ಟಾಪಿನವರ ಬುದ್ಧಿಯಲ್ಲಿ ಲೆಕ್ಕ ಶುರುಮಾಡಿದೆ. ಅಪ್ಪ ತಡೆದರು. ‘ನನ್ನ ಹಣ್ಣು ದಲಾಲ ತಗೊಳ್ಳಲಿಲ್ಲಂದ್ರ ಇನ್ನೊಬ್ಬ ತಗೊತಾನ. ಯಾರೂ ತಗೊಳ್ಳಲಿಲ್ಲಂದ್ರ ಒಣಗಿಸಿ ಇಡ್ತೀನಿ. ಈ ಹಣ್ಣು ಫ್ಯಾಕ್ಟರಿಯವ ಒಲ್ಲೆ ಅಂದ್ರ ಯಾರಿಗೆ ಕೊಡ್ಲಿ?’

ಅವರು ಹೇಳಿದ್ದು ಬರಿಯ ಅಂಜಿಕೆಯಲ್ಲ. 2008ರ ಆರ್ಥಿಕ ಕುಸಿತದ ನಂತರ ಬೇಡಿಕೆ ಬಿದ್ದಾಗ ಮಹಾರಾಷ್ಟ್ರದ ಎಷ್ಟೋ ರೈತರು ವೈನ್ ದ್ರಾಕ್ಷಿ ಕಿತ್ತುಹಾಕಿ ತಿನ್ನುವ ದ್ರಾಕ್ಷಿ ಹಚ್ಚಿದ್ದರು. ಎಂ.ಟೆಕ್. ಓದಿದ ನಾನು ಆ ರಿಸ್ಕನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಕಾರು ಭಿಗವಣ ದಾಟಿತು. ಉಜನಿ ಹಿನ್ನೀರಿನ ಕಡೆ ನೋಡುತ್ತಿದ್ದ ಅಪ್ಪ ಇದ್ದಕ್ಕಿದ್ದಂತೆ ಕೇಳಿದರು: ‘ಆ ದ್ರಾಕ್ಷಿ ಹಚ್ಚಿದ್ರ ನೀ ಊರಿಗೆ ಬರ್ತಿಯೇನು?’

ಹೆಂಡತಿ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಮನೆ ಸಾಲ, ಮಗಳ ಶಾಲೆ, ಎಲ್ಲ ಉತ್ತರವೂ ನನ್ನಲ್ಲಿದ್ದವು. ಒಂದನ್ನೂ ಹೇಳಲಾಗಲಿಲ್ಲ. ಅಪ್ಪನೇ, ‘ಇರ್ಲಿ ಬಿಡು, ಸುಮ್ಮ ಕೇಳಿದೆ’ ಎಂದು ಕಣ್ಣು ಮುಚ್ಚಿದರು.

ನಮ್ಮ ಕಟಾವು ಫೆಬ್ರುವರಿ ಕೊನೆಗೆ. ಹಣ್ಣು ಶೆಡ್ಡಿನ ಬಲೆಯ ಮೇಲೆ ಹರಡಿ ಒಣಗಲು ಹದಿನೈದು ದಿನ ಬೇಕು, ಆಗ ಮಳೆ ಬಂದರೆ ವರ್ಷದ ದುಡಿಮೆ ಹೋದಂತೆ. ಇಷ್ಟು ವರ್ಷದಲ್ಲಿ ಆ ದಿನಗಳಲ್ಲಿ ನಾನು ಒಮ್ಮೆಯೂ ಊರಲ್ಲಿರಲಿಲ್ಲ. ಈ ಸಲ ಒಂದು ವಾರ ರಜೆ ಹಾಕಿದ್ದೇನೆ. ಅಪ್ಪನ ಪ್ರಶ್ನೆಗೆ ಅದು ಉತ್ತರವಲ್ಲ, ನನಗೆ ಗೊತ್ತು. ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು ಇಷ್ಟೇ: ‘ಲ್ಯಾಪ್‌ಟಾಪ್ ಬಿಟ್ಟ ಬರ್ತಿ, ಹೌದಲ್ಲ?’