ಕೆರೆಯ ದಂಡೆಯ ಊರು

ಮನುಷ್ಯನು ನೆಲೆಸಲು ತಾಣವನ್ನು ಆರಿಸುವಾಗ ಮೊದಲು ನೀರನ್ನು ನೋಡುತ್ತಾನೆ. ಅನಂತರ ದಾರಿಯನ್ನು ನೋಡುತ್ತಾನೆ. ಕರಾವಳಿಯವರಿಗೆ ಕಡಲು ಒದಗಿದಂತೆ, ಮಲೆನಾಡಿಗೂ ಬಯಲುಸೀಮೆಗೂ ನಡುವೆ ಹಬ್ಬಿರುವ ಹಾವೇರಿ ಸೀಮೆಯವರಿಗೆ ಕೆರೆಗಳು ಒದಗಿವೆ. ಆದರೆ ಇವೆರಡಕ್ಕೂ ಒಂದು ದೊಡ್ಡ ವ್ಯತ್ಯಾಸವುಂಟು. ಕಡಲು ತಾನಾಗಿಯೇ ಇರುವಂಥದು. ಕೆರೆಯನ್ನಾದರೋ ಮನುಷ್ಯನೇ ಕಟ್ಟಬೇಕು, ಮನುಷ್ಯನೇ ಕಾಯಬೇಕು.

ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಇಂತಹ ಕೆರೆಯ ದಂಡೆಯ ಊರು. ಹದಿನಾರನೆಯ ಶತಮಾನದ ಕನಕದಾಸರು ತಮ್ಮ ಕೀರ್ತನೆಗಳಿಗೆ ಇಲ್ಲಿಯ ಆದಿಕೇಶವನ ಅಂಕಿತವನ್ನಿಟ್ಟರು. ಅದರಿಂದಾಗಿ, ಡಾಂಬರು ರಸ್ತೆಗಳು ಬರುವ ಎಷ್ಟೋ ಮೊದಲೇ ಈ ಊರಿನ ಹೆಸರು ನಾಡಿನ ಉದ್ದಗಲಕ್ಕೂ ಹರಡಿತು.

ಕಾಗಿನೆಲೆಗೆ ರೈಲುಮಾರ್ಗವಿಲ್ಲ. ಆದರೆ ರೈಲು ನಿಲ್ದಾಣವುಳ್ಳ ಮೂರು ಪಟ್ಟಣಗಳು ಅದರ ಆಸುಪಾಸಿನಲ್ಲಿವೆ. ಪೂರ್ವಕ್ಕಿರುವ ಬ್ಯಾಡಗಿಯು ಮೆಣಸಿನಕಾಯಿಯ ಮಾರುಕಟ್ಟೆಗೆ ಹೆಸರಾದುದು. ಸುಕ್ಕುಗಟ್ಟಿದ ಸಿಪ್ಪೆ, ಕಡುಗೆಂಪು ಬಣ್ಣ, ಮಿತವಾದ ಖಾರ ಇವು ಬ್ಯಾಡಗಿ ಮೆಣಸಿನಕಾಯಿಯ ಲಕ್ಷಣಗಳು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಉತ್ತರಕ್ಕಿರುವ ಹಾವೇರಿಯು 1997ರಲ್ಲಿ ಜಿಲ್ಲಾ ಕೇಂದ್ರವಾಯಿತು. ಅಲ್ಲಿಯವರೆಗೆ ಜಿಲ್ಲಾ ಕಚೇರಿಯ ಕೆಲಸವೆಂದರೆ ದೂರದ ಧಾರವಾಡಕ್ಕೆ ಹೋಗಬೇಕಾಗಿತ್ತು. ತುಸು ದೂರದ ರಾಣೆಬೆನ್ನೂರು ಹತ್ತಿ ಮತ್ತು ಬಿತ್ತನೆ ಬೀಜಗಳ ವ್ಯಾಪಾರಕ್ಕೆ ಪ್ರಸಿದ್ಧವಾದುದು. ಹೀಗೆ ಫಸಲನ್ನು ಮಾರಲು, ಕಚೇರಿಯ ಕೆಲಸ ಮುಗಿಸಲು, ಕಾಲೇಜಿನಲ್ಲಿ ಓದಲು ಮುಂಜಾನೆ ಹೊರಟವರು ಸಂಜೆಗೆ ಮನೆ ಸೇರಬಹುದು. ಪಟ್ಟಣದ ಸೌಕರ್ಯಕ್ಕಾಗಿ ಹುಟ್ಟಿದೂರನ್ನು ತೊರೆಯಬೇಕಾದ ಅನಿವಾರ್ಯತೆ ಇಂತಹ ಊರಿನವರಿಗೆ ಕಡಮೆ.

ಪಟ್ಟಣವು ಅನುಕೂಲವನ್ನು ಕೊಟ್ಟರೆ, ಕೆರೆಯು ಬದುಕಿಗೆ ಆಧಾರವನ್ನು ಕೊಡುತ್ತದೆ. ಸುತ್ತಲಿನ ನೆಲದ ಮೇಲೆ ಬಿದ್ದ ಮಳೆನೀರು ಹಳ್ಳಗಳಲ್ಲಿ ಹರಿದುಬಂದು ಏರಿಯ ಹಿಂದೆ ನಿಲ್ಲುತ್ತದೆ. ತೂಬಿನ ಮೂಲಕ ಅದು ಗದ್ದೆಗಳಿಗೆ ಸಾಗುತ್ತದೆ. ಹೆಚ್ಚಾದ ನೀರು ಕೋಡಿ ಹರಿದು ಏರಿಯನ್ನು ಒಡೆಯದಂತೆ ಉಳಿಸುತ್ತದೆ. ನೆಲದೊಳಗೆ ಇಂಗಿದ ನೀರು ಬಾವಿಗಳ ಸೆಲೆಯನ್ನು ಕಾಪಾಡುತ್ತದೆ. ಬೇಸಿಗೆಯಲ್ಲಿ ತೆಗೆದ ಹೂಳು ಹೊಲಗಳಿಗೆ ಗೊಬ್ಬರವಾಗುತ್ತದೆ.

ಆದರೆ ಕೊಳವೆಬಾವಿಗಳೂ ನಲ್ಲಿಗಳೂ ಬಂದ ಬಳಿಕ ಅನೇಕ ಊರುಗಳಲ್ಲಿ ಜನರು ಕೆರೆಯನ್ನು ಮರೆಯತೊಡಗಿದರು. ನೀರು ಮನೆಯ ಬಾಗಿಲಿಗೇ ಬಂದಾಗ ಅದರ ಮೂಲವನ್ನು ನೆನೆಯುವವರು ವಿರಳ. ಹೂಳು ತುಂಬಿದಷ್ಟೂ ಕೆರೆಯ ಒಡಲು ಕಿರಿದಾಗುತ್ತದೆ. ಒಡಲು ಕಿರಿದಾದಷ್ಟೂ ಕೊಳವೆಬಾವಿಗಳು ಬತ್ತುತ್ತವೆ. ರಾಜ್ಯದ ಕೆರೆಗಳ ಸಂರಕ್ಷಣೆಗೆಂದೇ 2014ರಲ್ಲಿ ಕಾಯಿದೆಯೊಂದು ರಚಿತವಾಯಿತು. ಆದರೂ ಕಾಯಿದೆಯು ಒತ್ತುವರಿಯನ್ನು ತಡೆಯಬಲ್ಲದೇ ಹೊರತು, ಕೆರೆಯ ಬಗೆಗಿನ ಅಕ್ಕರೆಯನ್ನು ಹುಟ್ಟಿಸಲಾರದು.

ಪಟ್ಟಣಕ್ಕೆ ಹೋಗುವ ರಸ್ತೆಯು ಕೆಟ್ಟರೆ ಜನರು ಮರುದಿನವೇ ದೂರು ಕೊಡುತ್ತಾರೆ. ಕೆರೆಯು ಕೆಡುವುದು ಮಾತ್ರ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದುದರಿಂದ ರಸ್ತೆಯ ಮೇಲಿರುವಷ್ಟೇ ಎಚ್ಚರವು ಏರಿಯ ಮೇಲೆಯೂ ಇರಬೇಕು. ನೀರೂ ದಾರಿಯೂ ಎರಡೂ ಉಳಿದಲ್ಲಿ ಮಾತ್ರ ಊರು ನೆಮ್ಮದಿಯ ನೆಲೆಯಾಗಿ ಉಳಿದೀತು.