ನಿಮಗಿದು ಗೊತ್ತೆ? ಮಕ್ಕಳಿಗೆ ಬರೆದುಕೊಟ್ಟ ಮನೆ ಮರಳಿ ಪಡೆಯಬಹುದು

ದಾನಪತ್ರ ನೋಂದಣಿಯಾದ ಮೇಲೆ ಮುಗಿಯಿತು, ಇನ್ನೇನೂ ಮಾಡಲಾಗದು ಎಂದು ಎಷ್ಟೋ ಹಿರಿಯರು ಕೈಚೆಲ್ಲಿ ಕೂರುತ್ತಾರೆ. ಹಾಗೇನಿಲ್ಲ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಂ ಅವರ ಬೆನ್ನಿಗಿದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ಅನ್ನ, ಬಟ್ಟೆ, ಆರೈಕೆ ಕೊಡದಿದ್ದರೆ ಆ ವರ್ಗಾವಣೆಯನ್ನು ವಂಚನೆಯಿಂದಲೋ ಬಲವಂತದಿಂದಲೋ ಆದದ್ದೆಂದು ಭಾವಿಸಿ ರದ್ದುಪಡಿಸಬಹುದು. 60 ತುಂಬಿದವರು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಟ್ಟರಾಯಿತು.

ತೊಡಕಿರುವುದು ಆ ‘ಷರತ್ತು’ ಎಂಬ ಪದದಲ್ಲೇ. ಬಹುತೇಕ ದಾನಪತ್ರಗಳಲ್ಲಿ ‘ಪ್ರೀತಿ ವಿಶ್ವಾಸದಿಂದ’ ಎಂದಷ್ಟೇ ಇರುತ್ತದೆ. ಷರತ್ತಿಲ್ಲದಿದ್ದರೆ ಈ ಕಲಂ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತ್ತು. ಮಧ್ಯಪ್ರದೇಶದ ತಾಯಿಯೊಬ್ಬರ ದಾನಪತ್ರದಲ್ಲೂ ಷರತ್ತು ಇರಲಿಲ್ಲವೆಂದು ಹೈಕೋರ್ಟ್ ಅವರ ವಿರುದ್ಧ ತೀರ್ಪಿತ್ತಿತ್ತು. ಆದರೆ ಕೊನೆಯವರೆಗೂ ನೋಡಿಕೊಳ್ಳುತ್ತೇನೆ, ತಪ್ಪಿದರೆ ಆಸ್ತಿ ಹಿಂಪಡೆಯಬಹುದು ಎಂದು ಮಗ ಬರೆದುಕೊಟ್ಟನೆನ್ನಲಾದ ವಚನಪತ್ರ ಆಕೆಯ ಬಳಿ ಇತ್ತು. 2025ರ ಜನವರಿ 2ರಂದು ಸುಪ್ರೀಂ ಕೋರ್ಟ್ ಎರಡು ಪತ್ರಗಳನ್ನೂ ಕೂಡಿಸಿ ಓದಿ, ದಾನವನ್ನೇ ರದ್ದು ಮಾಡಿತು. ಒಂದು ಹಾಳೆಯ ಬೆಲೆ ನೋಡಿ!

ಆದ್ದರಿಂದ ಪತ್ರ ಬರಹಗಾರರ ಮುಂದೆ ಕೂತಾಗ ಸಂಕೋಚ ಬೇಡ, ಆ ಸಾಲನ್ನು ಪತ್ರದಲ್ಲೇ ಬರೆಸಿ. ಇನ್ನೂ ಕ್ಷೇಮವಾದ ದಾರಿ ಉಯಿಲು: ಬದುಕಿರುವವರೆಗೆ ಆಸ್ತಿ ನಿಮ್ಮದೇ, ಮನಸ್ಸು ಬದಲಾದರೆ ಹೊಸದನ್ನು ಬರೆಯಬಹುದು. ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಬೇಕೇ ಬೇಕು.